ಆದಾಮನಿಲ್ಲದೆ ಶಿಲುಬೆಗೆ ಅರ್ಥವುಂಟೇ?

ಯೇಸುವಿನ ಮರಣದಿಂದ ದೇವರಿಗೂ ಮನುಷ್ಯರಿಗೂ ನಡುವೆ ಮುರಿದಿದ್ದ ಸಂಬಂಧ ಮತ್ತೆ ಕೂಡಿತು ಎಂಬುದು ಕ್ರೈಸ್ತ ವಿಶ್ವಾಸದ ತಿರುಳು. ಪಾಪಪರಿಹಾರ, ಪ್ರಾಯಶ್ಚಿತ್ತ, ವಿಮೋಚನೆ ಎಂದೆಲ್ಲ ಅದನ್ನು ಕರೆಯುತ್ತಾರೆ. ಆ ಸಂಬಂಧ ಮುರಿದದ್ದು ಯಾವಾಗ, ಯಾರಿಂದ ಎಂದು ಕೇಳಿದರೆ ರೂಢಿಯ ಉತ್ತರ ಬರುವುದು ಬೈಬಲಿನ ಆದಿಕಾಂಡದ ಮೂರನೆಯ ಅಧ್ಯಾಯದಿಂದ: ಏದೆನ್ ತೋಟ, ಸರ್ಪ, ತಿನ್ನಬಾರದ ಹಣ್ಣು, ಆದಾಮ ಮತ್ತು ಹವ್ವ. ಆ ಕಥೆ ನಡೆದ ಸಂಗತಿಯ ವರದಿಯಲ್ಲ ಎಂದು ಒಪ್ಪಿದರೆ ಶಿಲುಬೆಯ ಗತಿಯೇನು? ಆದಿಕಾಂಡವನ್ನು ಅಕ್ಷರಶಃ ನಂಬುವ ಅನೇಕರೂ ಕ್ರೈಸ್ತ ಮತವನ್ನೇ ತಳ್ಳಿಹಾಕುವ ಅನೇಕರೂ ಇಲ್ಲಿ ಒಂದೇ ಮಾತು ಹೇಳುತ್ತಾರೆ: ಆದಾಮ ಹೋದರೆ ಕ್ರಿಸ್ತನೂ ಹೋದ. ಎರಡೂ ಕಡೆಯ ತರ್ಕ ಒಂದೇ ಜಾಗದಲ್ಲಿ ಸಡಿಲವಾಗಿದೆ ಎಂದು ನನಗನಿಸುತ್ತದೆ.

ತೊಡಕು ಇಲ್ಲವೆಂದಲ್ಲ. ಮನುಷ್ಯಕುಲದ ತಳಿವೈವಿಧ್ಯವನ್ನು ಅಳೆದ ವಿಜ್ಞಾನಿಗಳ ಅಂದಾಜಿನಲ್ಲಿ ನಮ್ಮ ಪೂರ್ವಜರ ಸಂಖ್ಯೆ ಸಾವಿರಗಳ ಲೆಕ್ಕದಲ್ಲಿತ್ತು, ಇಬ್ಬರಿಗೆ ಇಳಿದಂತೆ ಕಾಣುವುದಿಲ್ಲ. ಸಾವಿನ ಪ್ರಶ್ನೆಯೂ ಇದೆ. ಡೈನೊಸಾರ್‌ಗಳು ಅಳಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಮನುಷ್ಯನ ಸುಳಿವೇ ಇಲ್ಲದ ಕಾಲದಲ್ಲಿ. ಮನುಷ್ಯನ ಪಾಪದಿಂದಲೇ ಲೋಕಕ್ಕೆ ಸಾವು ಬಂತು ಎಂಬುದನ್ನು ಜೀವವಿಜ್ಞಾನದ ಹೇಳಿಕೆಯಾಗಿ ಓದಲು ಇನ್ನು ಬರುವುದಿಲ್ಲ.

ಆದರೆ ಸಾಂಕೇತಿಕ ಓದು 1859ರಲ್ಲಿ ಡಾರ್ವಿನ್ನನ ಪುಸ್ತಕ ಹೊರಬಂದ ಮೇಲೆ ಹುಟ್ಟಿದ್ದಲ್ಲ. ಮೂರನೆಯ ಶತಮಾನದಲ್ಲೇ ಅಲೆಕ್ಸಾಂಡ್ರಿಯದ ಒರಿಜೆನ್, ಸೂರ್ಯ ಚಂದ್ರರಿಲ್ಲದೆ ಮೊದಲ ಮೂರು ದಿನಗಳು ಹೇಗಾದವು ಎಂದು ಕೇಳಿ, ಬುದ್ಧಿಯುಳ್ಳವರು ಇದನ್ನು ಸಂಕೇತವೆಂದೇ ತಿಳಿಯಬೇಕು ಎಂದು ವಾದಿಸಿದ. ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟೀನ್ ಕೂಡ ಸೃಷ್ಟಿಯ ಆರು ದಿನಗಳನ್ನು ಸಾಮಾನ್ಯ ದಿನಗಳೆಂದು ಎಣಿಸಲಿಲ್ಲ. ಆದಿಕಾಂಡವೇ ಆ ದಾರಿ ತೋರಿಸುತ್ತದೆ: ಮೊದಲ ಅಧ್ಯಾಯದಲ್ಲಿ ಗಿಡಮರ, ಪ್ರಾಣಿಗಳಾದ ಮೇಲೆ ಮನುಷ್ಯ, ಎರಡನೆಯದರಲ್ಲಿ ಮೊದಲು ಗಂಡಸು, ಆಮೇಲೆ ಮರಗಳು, ಪ್ರಾಣಿಗಳು, ಕೊನೆಗೆ ಹೆಂಗಸು. ಈ ಎರಡನ್ನೂ ಒಟ್ಟಿಗಿಟ್ಟವರ ಉದ್ದೇಶ ದಿನಚರಿ ಬರೆಯುವುದಾಗಿರಲಿಲ್ಲ.

ತಕರಾರಿನ ನಿಜವಾದ ಗಂಟು ಇರುವುದು ಸಂತ ಪೌಲನ ಪತ್ರದಲ್ಲಿ. ರೋಮಾಪುರದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಅವನು ಆದಾಮನನ್ನೂ ಕ್ರಿಸ್ತನನ್ನೂ ಎದುರುಬದುರು ನಿಲ್ಲಿಸುತ್ತಾನೆ: ಒಬ್ಬನಿಂದ ಪಾಪವೂ ಸಾವೂ ಬಂದವು, ಒಬ್ಬನಿಂದ ಕೃಪೆಯೂ ಜೀವವೂ. ಪೌಲ ಆದಾಮನನ್ನು ನಿಜವಾದ ವ್ಯಕ್ತಿಯೆಂದೇ ತಿಳಿದಿದ್ದಿರಬೇಕು. ಅದನ್ನು ಮರೆಮಾಚಿ ಪ್ರಯೋಜನವಿಲ್ಲ. ಕೇಳಬೇಕಾದದ್ದು, ಅವನ ವಾದ ನಿಂತಿರುವುದು ಯಾವುದರ ಮೇಲೆ ಎಂದು. ಯೆಹೂದಿ ಧರ್ಮಗ್ರಂಥದಲ್ಲಿ ಆದಿಕಾಂಡದ ಆರಂಭದ ಅಧ್ಯಾಯಗಳು ದಾಟಿದ ಮೇಲೆ ಆದಾಮನ ಸುದ್ದಿ ಇಲ್ಲವೆನ್ನುವಷ್ಟು ವಿರಳ. ಅದೇ ಗ್ರಂಥವನ್ನು ಓದಿಕೊಂಡು ಬಂದ ಯೆಹೂದಿ ಪರಂಪರೆ ಆದಾಮನ ಪಾಪ ಹುಟ್ಟಿನಿಂದಲೇ ಎಲ್ಲರಿಗೂ ಅಂಟುತ್ತದೆ ಎಂಬ, ಅಗಸ್ಟೀನನ ಅರ್ಥದ ಮೂಲಪಾಪದ ಸಿದ್ಧಾಂತವನ್ನು ಕಟ್ಟಲಿಲ್ಲ. ಪೌಲನೂ ಆದಾಮನ ಭಾರಕ್ಕೆ ನಲುಗಿ ರಕ್ಷಕನನ್ನು ಹುಡುಕಿ ಹೊರಟವನಲ್ಲ. ಧರ್ಮಶಾಸ್ತ್ರದ ಮಟ್ಟಿಗೆ ತಾನು ನಿರ್ದೋಷಿಯಾಗಿದ್ದೆ ಎಂದು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಅವನೇ ಹೇಳಿಕೊಂಡಿದ್ದಾನೆ. ಶಿಲುಬೆಗೇರಿದವನು ಜೀವಂತನಾಗಿದ್ದಾನೆ ಎಂಬ ಅನುಭವ ಮೊದಲು ಬಂತು. ದೇವರು ಇಷ್ಟು ದೊಡ್ಡ ಕೆಲಸ ಮಾಡಬೇಕಾಗಿ ಬಂದಿದ್ದರೆ ಮನುಷ್ಯರ ಸ್ಥಿತಿ ಎಷ್ಟು ಕೆಟ್ಟಿರಬೇಕು ಎಂಬ ಆಲೋಚನೆ ಆಮೇಲಿನದು. ಪೌಲನ ಚಿಂತನೆ ಪರಿಹಾರದಿಂದ ಸಮಸ್ಯೆಯ ಕಡೆಗೆ ಸಾಗಿತು ಎಂದು ಬೈಬಲ್ ವಿದ್ವಾಂಸ ಇ. ಪಿ. ಸ್ಯಾಂಡರ್ಸ್ 1977ರಲ್ಲಿ ವಾದಿಸಿದರು. ಅವರನ್ನು ಒಪ್ಪುವುದಾದರೆ, ಪೌಲ ಕ್ರಿಸ್ತನಿಂದ ಹಿಂದಕ್ಕೆ ನಡೆದು ಆದಾಮನ ಹತ್ತಿರ ಬಂದವನು. ಅವನ ವಿಶ್ವಾಸಕ್ಕೆ ಆಧಾರ ತೋಟವಲ್ಲ, ಶಿಲುಬೆ.

ಪ್ರಾಯಶ್ಚಿತ್ತ ಹೇಗೆ ನಡೆಯುತ್ತದೆ ಎಂಬುದಕ್ಕೆ ಆದಿ ಸಭೆಯ ಮಹಾಸಮ್ಮೇಳನಗಳು ಒಂದೇ ಸಿದ್ಧಾಂತವನ್ನು ಗೊತ್ತುಮಾಡಲಿಲ್ಲ. ಕ್ಯಾಂಟರ್ಬರಿಯ ಆನ್ಸೆಲ್ಮ್ 1098ರಲ್ಲಿ ಮುಗಿಸಿದ ಗ್ರಂಥದಲ್ಲಿ, ಮನುಷ್ಯ ತೀರಿಸಬೇಕಾದ ಆದರೆ ತೀರಿಸಲಾರದ ಋಣವನ್ನು ದೇವ-ಮನುಷ್ಯನೊಬ್ಬನೇ ತೀರಿಸಬಲ್ಲ ಎಂದ. ಪ್ರಾಯಶ್ಚಿತ್ತವೆಂದರೆ ಕ್ರಿಸ್ತ ಮೃತ್ಯುವನ್ನೂ ಕೇಡಿನ ಶಕ್ತಿಗಳನ್ನೂ ಗೆದ್ದ ಸಮರ ಎಂಬ ಹಳೆಯ ನಂಬಿಕೆಯನ್ನು ಸ್ವೀಡನ್ನಿನ ಗುಸ್ತಾಫ್ ಔಲೆನ್ 1930ರಲ್ಲಿ ಮತ್ತೆ ಎತ್ತಿಹಿಡಿದ. ಈ ಚಿಂತಕರಲ್ಲಿ ಆದಾಮನನ್ನು ನಂಬಿದವರಿದ್ದರು. ಆದರೂ ಇವರ ವಾದಗಳಿಗೆ ಬೇಕಾಗಿರುವುದು ನಾವು ತೀರಿಸಲಾಗದ ಋಣದಲ್ಲಿದ್ದೇವೆ, ಬಿಡಿಸಿಕೊಳ್ಳಲಾಗದ ಸೆರೆಯಲ್ಲಿದ್ದೇವೆ ಎಂಬ ಸತ್ಯ. ಸೆರೆ ಯಾವ ದಿನ ಶುರುವಾಯಿತು ಎಂಬುದಲ್ಲ. ಆದಾಮನನ್ನು ಮನುಷ್ಯಕುಲದ ಕಾನೂನುಬದ್ಧ ಪ್ರತಿನಿಧಿಯಾಗಿ ನಿಲ್ಲಿಸಿ, ಅವನ ಅಪರಾಧ ಎಲ್ಲರ ಲೆಕ್ಕಕ್ಕೆ ಬರೆಯಲ್ಪಟ್ಟಿತು ಎನ್ನುವ ಸಿದ್ಧಾಂತಕ್ಕೆ ಮಾತ್ರ ನಿಜವಾದ ಆದಾಮ ಬೇಕೇ ಬೇಕು. ಅದು ನಿಲ್ಲುವುದು ಕಷ್ಟ.

ಹಾಗಾದರೆ ಎಲ್ಲರನ್ನೂ ಹಿಡಿದಿರುವ ಪಾಪ ಎಂದರೇನು? ಬೀಜದಲ್ಲಿ ಹರಿದು ಬರುವ ದೋಷ ಎಂದು ಅಗಸ್ಟೀನ್ ಹೇಳಿದ. ನ್ಯೂಯಾರ್ಕಿನ ಬಡವರ ಕೇರಿಯಲ್ಲಿ ಪಾದ್ರಿಯಾಗಿದ್ದ ವಾಲ್ಟರ್ ರೌಶೆನ್‌ಬುಷ್ 1917ರ ತನ್ನ ಪುಸ್ತಕದಲ್ಲಿ, ಪಾಪ ಸಮಾಜದ ರೂಢಿ-ಸಂಸ್ಥೆಗಳ ಮೂಲಕವೂ ತಲೆಮಾರಿಂದ ತಲೆಮಾರಿಗೆ ದಾಟುತ್ತದೆ ಎಂದು ಒತ್ತಿ ಹೇಳಿದ. ನಮ್ಮ ನಾಡಿನವರಿಗೆ ಇದು ಬೇಗ ಅರ್ಥವಾಗಬೇಕು. ಯಾರ ಮನೆಯಲ್ಲಿ ನೀರು ಕುಡಿಯಬಾರದು ಎಂಬುದನ್ನು ಮಗು ಜಾತಿ ಎಂದರೇನೆಂದು ತಿಳಿಯುವ ಮೊದಲೇ ಕಲಿತಿರುತ್ತದೆ. ಆ ಕೇಡನ್ನು ಅದು ಆರಂಭಿಸಲಿಲ್ಲ. ಆದರೂ ಬೆಳೆದು ದೊಡ್ಡವನಾಗಿ ಒಬ್ಬರನ್ನು ಹೊಸ್ತಿಲಾಚೆ ನಿಲ್ಲಿಸಿದ ದಿನ ಆ ಪಾಪ ಅವನದೇ. ಪ್ರತಿಯೊಬ್ಬ ಮನುಷ್ಯನೂ ಆದಾಮನಂತೆ ತಾನೇ ಪಾಪಕ್ಕೆ ಜಿಗಿಯುತ್ತಾನೆ ಎಂದು ಡೆನ್ಮಾರ್ಕಿನ ತತ್ತ್ವಜ್ಞಾನಿ ಕಿಯರ್ಕೆಗಾರ್ಡ್ 1844ರಲ್ಲಿ ಬರೆದದ್ದು ಈ ಅರ್ಥದಲ್ಲಿ ನನಗೆ ಸತ್ಯವಾಗಿ ಕಾಣುತ್ತದೆ. ಹೀಗೆ ಓದಿದಾಗ ಆದಿಕಾಂಡದ ಕಥೆ ಸುಳ್ಳಾಗುವುದಿಲ್ಲ. ಎಂದೋ ಒಮ್ಮೆ ನಡೆದುದರ ಬದಲು ಸದಾ ನಡೆಯುತ್ತಿರುವುದನ್ನು ಹೇಳುತ್ತದೆ.

ಇಲ್ಲಿ ಸಭೆಗಳು ಒಮ್ಮತದಲ್ಲಿಲ್ಲ. ಹನ್ನೆರಡನೆಯ ಪಯಸ್ ಪೋಪ್ 1950ರಲ್ಲಿ, ಮನುಷ್ಯಕುಲ ಅನೇಕ ಮೂಲಪುರುಷರಿಂದ ಬಂತೆಂಬ ಅಭಿಪ್ರಾಯವನ್ನು ಹಿಡಿಯಲು ಕಥೋಲಿಕರಿಗೆ ಸ್ವಾತಂತ್ರ್ಯವಿಲ್ಲ ಎಂದರು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಆದಿಕಾಂಡದ ಭಾಷೆ ಸಾಂಕೇತಿಕವೆಂದು ಒಪ್ಪಿಯೂ, ಮನುಷ್ಯ ಇತಿಹಾಸದ ಆದಿಯಲ್ಲಿ ನಿಜವಾದ ಒಂದು ಪತನ ನಡೆಯಿತು ಎಂದೇ ಹೇಳುತ್ತದೆ. ಅವರ ಆತಂಕ ಹಗುರವಾದದ್ದಲ್ಲ. ಪತನವೇ ನಡೆದಿಲ್ಲವೆಂದರೆ ಕೇಡು ಸೃಷ್ಟಿಯ ಜೊತೆಗೇ ಬಂದದ್ದಾಗುತ್ತದೆ, ಅದರ ಹೊಣೆ ದೇವರ ಮೇಲೆ ಬೀಳುತ್ತದೆ. ಸಾಂಕೇತಿಕ ಓದು ತೆರಬೇಕಾದ ಅತಿ ದುಬಾರಿ ಬೆಲೆ ಇದೇ. ಎರಡನೆಯ ಶತಮಾನದ ಲಿಯೋನ್‌ನ ಐರೇನಿಯಸ್, ಆದಾಮ-ಹವ್ವರು ಪರಿಪೂರ್ಣರಲ್ಲ, ಇನ್ನೂ ಬೆಳೆಯಬೇಕಾದ ಮಕ್ಕಳಂತಿದ್ದವರು ಎಂದಿದ್ದ. ಅದನ್ನು ಹಿಡಿದು ದೇವತಾಶಾಸ್ತ್ರಜ್ಞ ಜಾನ್ ಹಿಕ್ 1966ರಲ್ಲಿ, ಈ ಲೋಕ ಆತ್ಮಗಳು ಮಾಗುವ ಜಾಗ ಎಂದು ವಾದಿಸಿದ. ನನಗೆ ಅದು ಅರ್ಧ ಸಮಾಧಾನ ಮಾತ್ರ, ಏಕೆಂದರೆ ಮಾಗುವ ಮೊದಲೇ ಮುರಿದುಹೋದ ಜೀವಗಳು ಲೆಕ್ಕವಿಲ್ಲದಷ್ಟಿವೆ. ಆದರೆ ಅಕ್ಷರಶಃ ಓದಿದರೂ ಆ ಪ್ರಶ್ನೆ ತಪ್ಪುವುದಿಲ್ಲ. 1960ರಲ್ಲಿ ಕೇಡಿನ ಸಂಕೇತಗಳನ್ನು ಕುರಿತು ಬರೆದ ಫ್ರೆಂಚ್ ತತ್ತ್ವಜ್ಞಾನಿ ಪೌಲ್ ರಿಕೋರ್ ಗಮನಿಸಿದಂತೆ, ಮನುಷ್ಯ ತಪ್ಪುವ ಮೊದಲೇ ತೋಟದಲ್ಲಿ ಸರ್ಪವಿತ್ತು. ಅದೂ ದೇವರು ಉಂಟುಮಾಡಿದ ಪ್ರಾಣಿಯೇ. ಅದು ಅಲ್ಲಿಗೆ ಏಕೆ ಬಂತೆಂದು ಆದಿಕಾಂಡ ಹೇಳುವುದಿಲ್ಲ, ಸಂತ ಪೌಲನೂ ಹೇಳುವುದಿಲ್ಲ. ಕೇಡಿನ ಹುಟ್ಟನ್ನು ವಿವರಿಸುವುದು ಅವನ ಕೆಲಸವಾಗಿರಲಿಲ್ಲ. ದೇವರು ಆ ಕೇಡಿನೊಳಗೆ ಇಳಿದು ಅದನ್ನು ತಾನೇ ಹೊತ್ತನೆಂದು ಸಾರುವುದಾಗಿತ್ತು.