ಮಿತಾಹಾರ ಮತ್ತು ಅಳೆದಿಟ್ಟ ಊಟ

ಅಮೆರಿಕದಲ್ಲಿ ತೂಕ ಇಳಿಸಬಯಸುವವರ ಮುಂದೆ ಎರಡು ಅನುಕೂಲಗಳಿವೆ: ವಾರಗಟ್ಟಲೆಯ ಊಟವನ್ನು ಮೊದಲೇ ಗೊತ್ತುಮಾಡಿ ಮನೆಗೆ ತಲುಪಿಸುವ ನ್ಯೂಟ್ರಿಸಿಸ್ಟಮ್‌ನಂಥ ಯೋಜನೆಗಳು, ಮತ್ತು 1981ರಲ್ಲಿ ಮಾರುಕಟ್ಟೆಗೆ ಬಂದ ಲೀನ್ ಕ್ವಿಸೀನ್‌ನಂತೆ ಅಂಗಡಿಯ ಫ್ರೀಜರಿನಿಂದ ಒಂದೊಂದಾಗಿ ಕೊಳ್ಳಬಹುದಾದ, ಆಹಾರದ ಶಕ್ತಿಯ ಮಾನವಾದ ಕ್ಯಾಲೊರಿಯನ್ನು ಪೊಟ್ಟಣದ ಮೇಲೆಯೇ ನಮೂದಿಸಿದ ಊಟಗಳು. ಬೆಲೆ, ರುಚಿಗಳ ಹೋಲಿಕೆ ಸುಲಭ. ಹೊರಗಿನವರು ಅಳೆದುಕೊಟ್ಟದ್ದನ್ನು ಉಣ್ಣುವುದು ಸಂಯಮವೆನಿಸೀತೇ ಎಂಬ ಪ್ರಶ್ನೆ ಅಷ್ಟು ಸುಲಭವಲ್ಲ.

ಯೋಗಗ್ರಂಥವಾದ ಹಠಯೋಗಪ್ರದೀಪಿಕೆಯು ಮಿತಾಹಾರವನ್ನು, ಎಂದರೆ ಹದವರಿತ ಊಟವನ್ನು, ವಿವರಿಸುವಾಗ ನೀರಸ ಪಥ್ಯವನ್ನು ವಿಧಿಸದೆ, ಜಿಡ್ಡೂ ಸಿಹಿಯೂ ಉಳ್ಳ ಆಹಾರವನ್ನೇ ಹೇಳಿ, ಹೊಟ್ಟೆಯ ಕಾಲುಭಾಗವನ್ನು ಬರಿದಾಗಿ ಬಿಟ್ಟು, ಶಿವಪ್ರೀತಿಗಾಗಿ ಉಣ್ಣಬೇಕೆನ್ನುತ್ತದೆ. ಆ ಕಾಲುಭಾಗ ಯಾವ ಪೊಟ್ಟಣದ ಮೇಲೂ ಅಚ್ಚಾಗಲಾರದು. ತುತ್ತು ತುತ್ತಿಗೂ ಎಚ್ಚರವಿರುವವರಿಗಷ್ಟೇ ಅದು ತಿಳಿಯುತ್ತದೆ, ಮತ್ತು ಇಲ್ಲಿ ಅರ್ಪಣೆಯ ಭಾವವೇ ಮುಖ್ಯ.

ಈ ದೃಷ್ಟಿಯಿಂದ ಫ್ರೀಜರಿನ ಊಟವೇ ತುಸು ಮೇಲು, ಏಕೆಂದರೆ ಒಂದು ತಟ್ಟೆ ಮುಗಿದ ಮೇಲೆ ಇನ್ನೊಂದನ್ನು ಬಿಸಿಮಾಡಬೇಕೇ ಬೇಡವೇ ಎಂಬ ನಿರ್ಧಾರ ಪ್ರತಿಸಲವೂ ಉಣ್ಣುವವರ ಪಾಲಿಗೇ ಉಳಿಯುತ್ತದೆ. ಆದರೆ ದಣಿದು ಮನೆಗೆ ಬರುವ ಮಧುಮೇಹಿಗೆ ಆ ನಿರ್ಧಾರವೇ ಹೊರೆಯಾಗಬಹುದು. ಅಂಥವರು ಅಳತೆಯನ್ನು ಕೆಲಕಾಲ ಬೇರೆಯವರ ಕೈಗೆ ಒಪ್ಪಿಸಿದರೆ ಅದನ್ನು ಸೋಲೆನ್ನುವುದು ಅನ್ಯಾಯ.