ಕುಡಿತವನ್ನು ಬಿಡುವವನಿಗೆ ತಕ್ಕ ಕೂಟವು ಯಾವದು?

ಕುಡಿತವನ್ನು ಬಿಡಬೇಕೆಂದು ಮನಸ್ಸು ಮಾಡಿದವನು ತನ್ನಂಥವರು ಸೇರುವ ಕೂಟಕ್ಕೆ ಹೋಗುವದು ಒಳ್ಳೇದೆಂದು ಈಗ ಅನೇಕರು ಬಲ್ಲರು. ಆದರೆ ಹೋದವರಲ್ಲಿ ಕೆಲವರು ಒಂದೇ ಸಾರಿ ಕೂತು ಬಂದು, "ಅದು ನನಗೆ ಹಿಡಿಸಲಿಲ್ಲ" ಎಂದು ಹೇಳಿ ಮನೆಯಲ್ಲಿ ಉಳಿಯುತ್ತಾರೆ; ಸ್ವಲ್ಪ ದಿನಗಳಲ್ಲಿ ಪುನಃ ಮದ್ಯದಂಗಡಿಯ ದಾರಿ ಹಿಡಿಯುತ್ತಾರೆ. ಮತ್ತೆ ಕೆಲವರು ತಮಗೆ ಒಗ್ಗದ ಕೂಟದಲ್ಲಿ ಬಾಯಿ ಮುಚ್ಚಿಕೊಂಡು ಕೂತು, ಪ್ರಯೋಜನ ಕಾಣದೆ ನಿರಾಶರಾಗುತ್ತಾರೆ. ಹೀಗಿರುವಲ್ಲಿ ಮನುಷ್ಯನು ತನಗೆ ಒಪ್ಪುವ ಕೂಟವನ್ನು ಆರಿಸಿಕೊಳ್ಳುವದು ನ್ಯಾಯವೋ? ಅಥವಾ ರೋಗಿಯು ಕಹಿ ಔಷಧವನ್ನು ನುಂಗುವಂತೆ ಸಿಕ್ಕಿದ್ದನ್ನೇ ಸಹಿಸಬೇಕೋ? ಪ್ರಿಯ ವಾಚಕರೇ, ಇದನ್ನು ನಾವು ಸ್ವಲ್ಪ ಆಲೋಚಿಸೋಣ.

ಅಮೇರಿಕ ದೇಶದ ಆಕ್ರನ್ ಪಟ್ಟಣದಲ್ಲಿ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು ಕುಡಿತಕ್ಕೆ ದಾಸರಾಗಿದ್ದರು. ಆಕ್ಸ್‌ಫರ್ಡ್ ಗುಂಪು ಎಂಬ ಕ್ರೈಸ್ತ ಸಂಗದ ಕೂಟಗಳಿಗೆ ಅವರು ಸುಮಾರು ಎರಡೂವರೆ ವರುಷ ಹೋಗುತ್ತಿದ್ದರು. ಅಲ್ಲಿಯವರು ಒಳ್ಳೆಯವರು, ಅವರ ಉಪದೇಶವೂ ಒಳ್ಳೇದು, ಆದರೂ ಕುಡಿತವು ಬಿಡಲಿಲ್ಲ. 1935ನೇ ಇಸವಿಯ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಎಂಬವರು ನ್ಯೂಯಾರ್ಕಿನಿಂದ ವ್ಯಾಪಾರದ ನಿಮಿತ್ತ ಅಲ್ಲಿಗೆ ಬಂದರು. ಇವರು ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಬಂದ ಕೆಲಸ ಕೆಟ್ಟುಹೋಗಿ, ಹೋಟೆಲಿನಲ್ಲಿ ಒಂಟಿಯಾಗಿರುವಾಗ ಹಳೇ ಆಶೆ ತಲೆಯೆತ್ತಿತು. ಮತ್ತೊಬ್ಬ ಕುಡುಕನ ಸಂಗಡ ಮಾತಾಡದಿದ್ದರೆ ತಾನು ಬೀಳುವೆನೆಂದು ತಿಳಿದು, ಅವರು ಟೆಲಿಫೋನಿನಲ್ಲಿ ಒಬ್ಬ ಸಭಾಪಾಲಕರನ್ನು ವಿಚಾರಿಸಿ, ಕಡೆಗೆ ಸ್ಮಿತ್ತರನ್ನು ಕಂಡರು. ಕಾಲು ತಾಸು ಮಾತ್ರ ಕೂಡುವೆನೆಂದು ಬಂದ ವೈದ್ಯರು ಹಲವು ತಾಸು ಕೂತರು. ಯಾಕಂದರೆ ವಿಲ್ಸನ್ನರು ಬೋಧಿಸಲಿಲ್ಲ, ತಾವು ಬಿದ್ದ ಸಂಗತಿಯನ್ನೇ ಹೇಳಿದರು; ಸಹಾಯ ಕೊಡುವದಕ್ಕೆ ಮಾತ್ರವಲ್ಲ, ಬೇಡುವದಕ್ಕೂ ಬಂದಿದ್ದರು. ತರುವಾಯ ವೈದ್ಯರು ಒಂದು ಸಾರಿ ಎಡವಿದರೂ, ಅದೇ ವರುಷದ ಜೂನ್ 10ರ ಮೇಲೆ ಸಾಯುವ ತನಕ ಕುಡಿಯಲಿಲ್ಲ. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘವು ಆ ದಿನವನ್ನೇ ತನ್ನ ಹುಟ್ಟಿದ ದಿನವೆಂದು ಎಣಿಸುತ್ತದೆ. ಕನ್ನಡ ನಾಡಿನಲ್ಲಿಯೂ ಅದರ ಕೂಟಗಳು ನಡೆಯುತ್ತವೆ.

ಇದರಿಂದ ಒಂದು ಮಾತು ತಿಳಿಯುತ್ತದೆ. ಕೂಟವು ಒಳ್ಳೇದಾಗಿರುವದು ಬೇರೆ, ಒಬ್ಬನಿಗೆ ತಕ್ಕದ್ದಾಗಿರುವದು ಬೇರೆ. ಆದಕಾರಣ ಆರಿಸುವದು ದೋಷವಲ್ಲ; ಆದರೆ ಯಾವ ಅಳತೆಯಿಂದ ಆರಿಸಬೇಕು? "ಇಲ್ಲಿ ನನಗೆ ಹಿತವಾಗುತ್ತದೋ" ಎಂದು ಕೇಳುವವನು ತನ್ನನ್ನು ಹೊಗಳುವ ಕಡೆಗೇ ಹೋಗುವನು. "ಇಲ್ಲಿ ನಾನು ಸತ್ಯವನ್ನು ಹೇಳಬಲ್ಲೆನೋ" ಎಂಬದೇ ಸರಿಯಾದ ಪ್ರಶ್ನೆ.

ಸತ್ಯ ಹೇಳುವದಕ್ಕೆ ಮೊದಲು ಭಾಷೆ ತಿಳಿಯಬೇಕು. ಎರಡನೇದಾಗಿ, ಅಲ್ಲಿ ಹೇಳಿದ್ದು ಅಲ್ಲೇ ಉಳಿಯಬೇಕು. ಸ್ವಂತ ಊರಿನ ಬಾಯಿಗೆ ಅಂಜಿ ಬೇರೆ ಊರಿನ ಕೂಟಕ್ಕೆ ಹೋಗುವವನು ಕಪಟಿಯೋ? ಅಲ್ಲವೆಂದು ನಾವು ಹೇಳುತ್ತೇವೆ. ಹುಣ್ಣಿಗೆ ಬಟ್ಟೆ ಕಟ್ಟುವದು ಸುಳ್ಳಲ್ಲ. ವೈದ್ಯನಿಗೂ ಹೆಂಡತಿಗೂ ಅದನ್ನು ಮುಚ್ಚಿಡುವದೇ ಕೇಡು. ಮೂರನೇದಾಗಿ, ವಾರವಾರವೂ ಹೋಗಿ ಬರುವಷ್ಟು ಹತ್ತಿರವಿರಬೇಕು. ಕೆಲವು ಕೂಟಗಳಿಗೆ ಯಾರೂ ಬರಬಹುದು. ಕೆಲವು ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಆ ಸಂಘದಲ್ಲಿ ಶುಲ್ಕವಿಲ್ಲ. ಕುಡಿತವನ್ನು ಬಿಡುವ ಇಚ್ಛೆಯೊಂದಿದ್ದರೆ ಸಾಕು. ಕುಡುಕರ ಮನೆಯವರಿಗೋಸ್ಕರ 1951ರಲ್ಲಿ ಆಲ್-ಅನಾನ್ ಎಂಬ ಬೇರೆ ಸಂಘವು ಹುಟ್ಟಿತು.

ಔಷಧವನ್ನೂ ವೈದ್ಯರನ್ನೂ ಬಿಡೆಂದು ಹೇಳುವ ಕೂಟವು ಯಾರಿಗೂ ತಕ್ಕದ್ದಲ್ಲ. ಬಹುಕಾಲ ವಿಪರೀತವಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ನಡುಕ, ಸೆಳವು, ಬುದ್ಧಿಭ್ರಮೆಗಳು ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಆದದರಿಂದ ಮೊದಲು ಆಸ್ಪತ್ರೆ, ಸಂಗಡಲೇ ಕೂಟ. ಸರಕಾರದ 14446 ಎಂಬ ಸಹಾಯವಾಣಿಯನ್ನೂ ಕೇಳಬಹುದು.

ಸಭೆಯ ಪ್ರಾರ್ಥನಾಕೂಟವು ಸಾಲದೋ ಎಂದು ಕೆಲವರು ಕೇಳಬಹುದು. ಸ್ಮಿತ್ತರು ಪ್ರಾರ್ಥನೆಯನ್ನು ಬಿಟ್ಟುಬಿಡಲಿಲ್ಲ. ಅದರ ಸಂಗಡ ತಮ್ಮಂಥ ಒಬ್ಬನನ್ನು ಕಂಡುಕೊಂಡರು. ಒಂದರಿಂದ ಮತ್ತೊಂದು ಕೆಡುವದಿಲ್ಲ.

ಆದರೆ ಆರಿಸುವದೇ ಒಂದು ನೆವವಾಗಬಾರದು. ಮೊದಲನೇ ದಿನ ಯಾವ ಕೂಟವೂ ಹಿತವಾಗಿರುವದಿಲ್ಲ. ಕೂಟವು ಕೆಟ್ಟದ್ದೆಂತಲೋ, ಅಲ್ಲಿ ಕೇಳಿದ್ದು ತನ್ನ ಕಥೆಯೇ ಎಂತಲೋ ಒಂದೇ ಸಾರಿಗೆ ತಿಳಿಯದು. ಆದಕಾರಣ ನಾಲ್ಕೈದು ಸಾರಿಯಾದರೂ ಕೂತು ನೋಡಲಿ. ಒಗ್ಗದಿದ್ದರೆ ಮತ್ತೊಂದು ಕೂಟವನ್ನು ಗೊತ್ತುಮಾಡಿಕೊಂಡೇ ಅದನ್ನು ಬಿಡಲಿ. ಹತ್ತಿರದಲ್ಲಿ ಕೂಟವೇ ಇಲ್ಲದವನು, 1935ರಲ್ಲಿ ಇಬ್ಬರಿಂದಲೇ ಆರಂಭವಾಯಿತೆಂಬದನ್ನು ನೆನಸಲಿ.

ಕುಡಿಯದವರಾದ ನಮಗೂ ಇಲ್ಲಿ ಒಂದು ಪ್ರಶ್ನೆ ಉಂಟು. ನಮ್ಮ ನೆರೆಯವನು ದೂರದ ಊರಿಗೆ ಬಸ್ಸು ಹತ್ತಿ ಹೋಗಿ ತನ್ನ ದುಃಖವನ್ನು ಹೇಳಿಕೊಳ್ಳುವದು ಯಾಕೆ? ನಮ್ಮ ಜಗಲಿಯಲ್ಲಿ ಹೇಳಿದ ಮಾತು ಸಂಜೆಯೊಳಗೆ ಬಾವಿಕಟ್ಟೆಗೆ ಮುಟ್ಟುವದೆಂದು ಅವನು ಬಲ್ಲನು. ಅವನು ತಿರಿಗಿ ಬರುವಾಗ ಎಲ್ಲಿಗೆ ಹೋಗಿದ್ದನೆಂದು ಕೇಳದೆ, ಅವನಿಗೆ ಒಂದು ತಂಬಿಗೆ ನೀರನ್ನೂ ಕೂಡ್ರಲಿಕ್ಕೆ ಸ್ಥಳವನ್ನೂ ಕೊಡೋಣ. ಹೇಳುವ ಮನಸ್ಸು ಅವನಿಗೆ ಬಂದ ದಿನ ಕೇಳಿ, ಕೇಳಿದ್ದನ್ನು ನಮ್ಮಲ್ಲಿಯೇ ಇಟ್ಟುಕೊಳ್ಳೋಣ.