ಹೊಸದನ್ನು ನಂಬುವ ಬಗೆ

ಮನುಷ್ಯನ ನೀತಿಯು ಮಹತ್ತಾದ ಸಂದರ್ಭಗಳಲ್ಲಿ ಮಾತ್ರ ಪರೀಕ್ಷೆಗೆ ಒಳಗಾಗುತ್ತದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವವಾಗಿ ಅದು ಸಂತೆಯಲ್ಲಿ, ಅಂಗಡಿಯಲ್ಲಿ, ಸಾಲದ ಪತ್ರಕ್ಕೆ ರುಜು ಹಾಕುವ ಮೇಜಿನ ಮುಂದೆ ದಿನವೂ ಪರೀಕ್ಷೆಗೆ ಒಳಗಾಗುತ್ತಲೇ ಇರುತ್ತದೆ. ಏನನ್ನು ಕೊಳ್ಳಬೇಕು, ಯಾರ ಮಾತನ್ನು ನಂಬಬೇಕು, ಎಷ್ಟರಮಟ್ಟಿಗೆ ನಂಬಬೇಕು ಎಂಬ ಪ್ರಶ್ನೆಗಳು ಮೇಲ್ನೋಟಕ್ಕೆ ಕೇವಲ ವ್ಯವಹಾರದ ಪ್ರಶ್ನೆಗಳಾಗಿ ಕಂಡರೂ ಅವುಗಳ ಬೇರು ಧರ್ಮವಿಚಾರದಲ್ಲಿಯೇ ಇದೆ.

ಮಠದ ವಿದ್ಯಾರ್ಥಿನಿಲಯದಲ್ಲಿದ್ದು ಓದಿ, ಈಗ ಜೋಯಿಡಾ ತಾಲೂಕಿನ ಕಾಡಂಚಿನ ಹಳ್ಳಿಯೊಂದರಲ್ಲಿ ಅಡಿಕೆ ತೋಟ ಮಾಡಿಕೊಂಡಿರುವ ಭಕ್ತರೊಬ್ಬರು ಈಚೆಗೆ ನಮಗೆ ಪತ್ರ ಬರೆದಿದ್ದರು. ವಯಸ್ಸಾದ ತಾಯಿಯವರನ್ನು ತಿಂಗಳಿಗೆರಡು ಸಲ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ಯಬೇಕು. ಮಳೆಗಾಲದಲ್ಲಿ ಮನೆಯಿಂದ ಡಾಂಬರು ರಸ್ತೆಯವರೆಗಿನ ಹಾದಿ ಕೆಸರು, ಏರು, ನಡುವೆ ಒಂದು ಹಳ್ಳ. ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಎಳೆತ ದೊರೆಯುವ ಗಟ್ಟಿ ಗಾಡಿಯೊಂದನ್ನು ಕೊಳ್ಳಬೇಕೆಂಬುದು ಅವರ ಆಲೋಚನೆ. “ಅಪ್ಪಾವರೆ, ಗಾಡಿ ಚೆನ್ನಾಗಿ ಕಾಣುತ್ತದೆ. ಬೆಲೆಯೂ ಹಳೆಯ ಕಂಪನಿಗಳದಕ್ಕಿಂತ ಕಡಿಮೆ. ಆದರೆ ಕಂಪನಿ ಹೊಸದು. ಮಗ ಬೇಕೇ ಬೇಕೆನ್ನುತ್ತಾನೆ, ಮನೆಯವರು ಬೇಡವೆನ್ನುತ್ತಾರೆ. ತೋಟದ ಮೇಲೆ ಸಾಲ ಎತ್ತಬೇಕು. ನಾನು ಯಾರ ಮಾತು ಕೇಳಲಿ?” ಎಂಬುದು ಅವರ ಪ್ರಶ್ನೆ. ಯಂತ್ರದ ವಿಷಯವನ್ನು ಸ್ವಾಮಿಗಳಲ್ಲಿ ಕೇಳುವುದೇ ಎಂದು ಕೆಲವರು ನಗಬಹುದು. ಆದರೆ ಆ ಭಕ್ತರು ಕೇಳಿದ್ದು ನಂಬಿಕೆಯ ವಿಷಯವನ್ನು. ಅದು ಎಲ್ಲರಿಗೂ ಸಂಬಂಧಿಸಿದುದಾದ್ದರಿಂದ ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ಮೊದಲನೆಯದಾಗಿ ಅಗತ್ಯದ ವಿಚಾರ. ಹಳಿಯಾಳ, ಮುಂಡಗೋಡಗಳ ಬಯಲಿನಲ್ಲಿ ಕಬ್ಬು, ಗೋವಿನಜೋಳ, ಭತ್ತದ ಹೊಲಗಳ ನಡುವೆ ಓಡಾಡುವವನಿಗೆ ಸಾಮಾನ್ಯ ವಾಹನವೇ ಸಾಕು. ದಾಂಡೇಲಿಯ ಪೇಟೆಯಲ್ಲಿ ವಾಸಿಸುವವನಿಗಂತೂ ಈ ಪ್ರಶ್ನೆಯೇ ಹುಟ್ಟಲಾರದು. ಆದರೆ ಜೋಯಿಡಾದ ಒಳಹಳ್ಳಿಗಳ ಮಾತು ಬೇರೆ. ಅಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಕೆಂಪು ಜಂಬಿಟ್ಟಿಗೆಯ ನೆಲ ನೆನೆದು ಜಾರುತ್ತದೆ. ಒಂದೇ ಜೋಡಿ ಗಾಲಿಗೆ ಎಳೆತವಿರುವ ಗಾಡಿ ಅಂಥಲ್ಲಿ ನಿಂತಲ್ಲೇ ತಿರುಗುತ್ತದೆ. ನಾಲ್ಕೂ ಗಾಲಿಗಳಿಗೆ ಬಲ ಹಂಚಿಕೆಯಾದಾಗ, ಅದರಲ್ಲಿಯೂ ವೇಗವನ್ನು ಇಳಿಸಿ ಎಳೆತವನ್ನು ಹೆಚ್ಚಿಸುವ ಕೆಳಗಿನ ಗೇರು ಇದ್ದಾಗ, ಅದೇ ಏರು ಸುಗಮವಾಗುತ್ತದೆ. ಇದು ನಿಜವಾದ ಉಪಯೋಗ.

ಆದರೆ ಉಪಯೋಗದ ಮಿತಿಯನ್ನೂ ಅರಿಯಬೇಕು. ನಾಲ್ಕು ಗಾಲಿಗಳ ಎಳೆತವು ಏರಲು ನೆರವಾಗುವುದೇ ಹೊರತು ಬ್ರೇಕು ಹಾಕಿದಾಗ ಗಾಡಿಯನ್ನು ಬೇಗ ನಿಲ್ಲಿಸಲು ನೆರವಾಗುವುದಿಲ್ಲ. ಒದ್ದೆ ಇಳುಕಲಿನಲ್ಲಿ ವೇಗವಾಗಿ ಇಳಿಯುವವನನ್ನು ಯಾವ ಕಂಪನಿಯ ಗಾಡಿಯೂ ಕಾಯಲಾರದು. ಇನ್ನೊಂದು ಸಂಗತಿ. ಬೇಕಾದಾಗ ಮಾತ್ರ ಮುಂದಿನ ಗಾಲಿಗಳನ್ನು ಜೋಡಿಸುವ ಬಗೆಯ ಗಾಡಿಯನ್ನು ಒಣಗಿದ ಡಾಂಬರಿನ ಮೇಲೆ ಜೋಡಿಸಿಯೇ ಓಡಿಸಬಾರದು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸುತ್ತವೆ. ಎರಡನ್ನೂ ಬಿಗಿಯಾಗಿ ಕಟ್ಟಿದರೆ ಗೇರುಗಳ ಮೇಲೆ ಒತ್ತಡ ಬಿದ್ದು, ಟಾಯರು ಸವೆಯುತ್ತದೆ. ಶಕ್ತಿಯನ್ನು ಬೇಕಾದಾಗ ಬಳಸಿ ಬೇಡವಾದಾಗ ಬಿಡಲು ತಿಳಿಯದವನಿಗೆ ಶಕ್ತಿಯೇ ಹಾನಿಕರವೆಂಬುದು ಯಂತ್ರಕ್ಕೂ ಸಲ್ಲುವ ಮಾತು. ಆದುದರಿಂದ ಕೊಳ್ಳುವವನು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು: ವರ್ಷದ ಎಷ್ಟು ದಿನ, ಯಾವ ಹಾದಿಯಲ್ಲಿ, ಯಾರಿಗಾಗಿ ಈ ಬಲ ನನಗೆ ಬೇಕು? ಉತ್ತರ ಸ್ಪಷ್ಟವಾಗಿದ್ದರೆ ಅದು ಅಗತ್ಯ. ತಡವರಿಸಿದರೆ ಅದು ಆಸೆ. ನಮ್ಮ ಭಕ್ತರ ಉತ್ತರ ಸ್ಪಷ್ಟವಾಗಿಯೇ ಇದೆ.

ಇನ್ನು ಎರಡನೆಯ, ಹೆಚ್ಚು ಕಠಿಣವಾದ ಪ್ರಶ್ನೆ: ಹೊಸ ಹೆಸರನ್ನು ನಂಬಬಹುದೆ? ಇದು ಇಂದಿನ ಪ್ರಶ್ನೆಯಲ್ಲ. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದ ಪ್ರಸ್ತಾವನೆಯಲ್ಲಿಯೇ ಇದು ಎದ್ದಿದೆ. ಭಾಸ, ಸೌಮಿಲ್ಲರಂತಹ ಹಿಂದಿನ ಕವಿಗಳಿರುವಾಗ ಈಗಿನ ಕವಿಯ ಕೃತಿಗೆ ಏಕೆ ಇಷ್ಟು ಆದರ ಎಂಬುದು ಅಲ್ಲಿಯ ಆಕ್ಷೇಪ. ಪರೀಕ್ಷಿಸಿ ಒಪ್ಪುವುದೇ ವಿವೇಕವೆಂಬುದು ಸೂತ್ರಧಾರನ ಉತ್ತರದ ತಾತ್ಪರ್ಯ. ಇಂದು ನಾವು ಪ್ರಾಚೀನನೆಂದು ಪೂಜಿಸುವ ಕಾಳಿದಾಸನೇ ಒಂದು ಕಾಲಕ್ಕೆ ಹೊಸಬನಾಗಿದ್ದನು.

ವಾಹನಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ನಮ್ಮ ಮಲೆನಾಡಿನಲ್ಲಿ ‘ಜೀಪು’ ಎಂದೊಡನೆ ನೆನಪಾಗುವ ಮಹೀಂದ್ರ ಸಂಸ್ಥೆ 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಹುಟ್ಟಿದುದು. 1947ರಲ್ಲಿ ಅದು ವಿಲ್ಲಿಸ್ ಜೀಪುಗಳನ್ನು ಜೋಡಿಸಲು ತೊಡಗಿದಾಗ ಅದೂ ಹೊಸ ಹೆಸರೇ. ಅಂದು ಯಾರೂ ಕೊಳ್ಳದಿದ್ದರೆ ಇಂದು ಹಳೆಯ ಹೆಸರೆಂಬುದೇ ಇರುತ್ತಿರಲಿಲ್ಲ. ಇದಕ್ಕೆ ವಿರುದ್ಧವಾದ ನಿದರ್ಶನವನ್ನೂ ನೋಡೋಣ. ಫೋರ್ಡ್ ಸಂಸ್ಥೆ ಸ್ಥಾಪನೆಯಾದದ್ದು 1903ರಲ್ಲಿ, ಜನರಲ್ ಮೋಟಾರ್ಸ್ 1908ರಲ್ಲಿ. ಶತಮಾನ ಕಂಡ ಈ ಹೆಸರುಗಳಲ್ಲಿ ಎರಡನೆಯದು 2017ರ ಅಂತ್ಯಕ್ಕೆ ಭಾರತದಲ್ಲಿ ಮಾರಾಟವನ್ನು ನಿಲ್ಲಿಸಿತು. ಮೊದಲನೆಯದು 2021ರ ಸೆಪ್ಟೆಂಬರಿನಲ್ಲಿ ಇಲ್ಲಿಯ ವಾಹನ ತಯಾರಿಕೆಯನ್ನು ಕೈಬಿಡುವುದಾಗಿ ಘೋಷಿಸಿತು. ಹೆಸರಿನ ವಯಸ್ಸು ಅದು ನಮ್ಮೊಡನೆ ಉಳಿಯುತ್ತದೆಂಬುದಕ್ಕೆ ಪ್ರಮಾಣವಲ್ಲ. ಕಾಳಿ ನದಿಗೆ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಹಳೆಯ ಸೂಪಾ ಪಟ್ಟಣವೇ ಮುಳುಗಿ, ತಾಲೂಕಿನ ಕಚೇರಿ ಜೋಯಿಡಾಕ್ಕೆ ಬಂದುದನ್ನು ಕಂಡ ಜನರಿಗೆ ಹಳೆಯದೂ ಅಳಿಯುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಯಾವುದು ಪ್ರಮಾಣ? ನ್ಯಾಯಶಾಸ್ತ್ರವು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳುತ್ತದೆ. ಪಾಠಶಾಲೆಯಲ್ಲಿ ಕಲಿತ ಈ ವಿಭಾಗವು ಷೋರೂಮಿನಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಪ್ರತ್ಯಕ್ಷವೆಂದರೆ ಸ್ವತಃ ಕಂಡು, ಓಡಿಸಿ ತಿಳಿಯುವುದು. ಆದರೆ ಹುಬ್ಬಳ್ಳಿಯ ನುಣುಪಾದ ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿದ್ದು ಜೋಯಿಡಾದ ಆಷಾಢಕ್ಕೆ ಪ್ರತ್ಯಕ್ಷವಾಗಲಾರದು. ಯಾವ ಹಾದಿಗಾಗಿ ಕೊಳ್ಳುತ್ತೇವೆಯೋ ಆ ಹಾದಿಯಲ್ಲಿ, ಯಾರಿಗಾಗಿ ಕೊಳ್ಳುತ್ತೇವೆಯೋ ಅವರನ್ನು ಕೂರಿಸಿಕೊಂಡು ನೋಡಿದಾಗಲೇ ಅದು ಪ್ರತ್ಯಕ್ಷ. ಎತ್ತರದ ಗಾಡಿಯನ್ನು ಹತ್ತಲು ವೃದ್ಧೆಯಾದ ತಾಯಿಗೆ ಸಾಧ್ಯವೇ ಎಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಅನುಮಾನವೆಂದರೆ ಕಂಡುದರಿಂದ ಕಾಣದುದನ್ನು ತರ್ಕಿಸುವುದು. ಇದರ ಅಪಾಯವನ್ನು ಬರ್ಟ್ರಂಡ್ ರಸೆಲ್ಲರು 1912ರ ತಮ್ಮ ತತ್ತ್ವಶಾಸ್ತ್ರದ ಪುಟ್ಟ ಗ್ರಂಥದಲ್ಲಿ ಒಂದು ಕೋಳಿಯ ದೃಷ್ಟಾಂತದಿಂದ ತೋರಿಸಿದ್ದಾರೆ. ದಿನವೂ ಕಾಳು ಹಾಕುತ್ತಿದ್ದ ಕೈಯೇ ಕೊನೆಗೊಂದು ದಿನ ಅದರ ಕತ್ತು ಮುರಿಯುತ್ತದೆ. ಆರು ತಿಂಗಳು ಕೆಡಲಿಲ್ಲವೆಂಬುದರಿಂದ ಆರು ವರ್ಷ ಕೆಡದೆಂದು ಹೇಳಲಾಗದು. ಹೊಸ ಸಂಸ್ಥೆಯ ವಿಷಯದಲ್ಲಿ ಕೊರತೆಯಾಗಿರುವುದು ಈ ಕಾಲದ ಸಾಕ್ಷ್ಯವೇ. ಅದು ಸಂಸ್ಥೆಯ ದೋಷವಲ್ಲ. ಆದರೂ ಕೊಳ್ಳುವವನ ಪಾಲಿಗೆ ಅದೊಂದು ಕೊರತೆ.

ಉಪಮಾನವೆಂದರೆ ತಿಳಿದುದರ ಹೋಲಿಕೆಯಿಂದ ತಿಳಿಯದುದನ್ನು ಅರಿಯುವುದು. ವಿದೇಶದ ಒಂದು ನಿದರ್ಶನ ಇಲ್ಲಿ ಪ್ರಯೋಜನಕಾರಿ. ಲ್ಯಾಂಡ್ ರೋವರ್ ಸಂಸ್ಥೆಯ ಹಳೆಯ ಡಿಫೆಂಡರ್ ಗಾಡಿಯ ತಯಾರಿಕೆ 2016ರಲ್ಲಿ ನಿಂತಿತು. ಆಗ ಇನಿಯೋಸ್ ಎಂಬ ರಾಸಾಯನಿಕ ಸಂಸ್ಥೆಯು ಅದೇ ಬಗೆಯ ಗಟ್ಟಿ ಗಾಡಿಯೊಂದನ್ನು ತಾನೇ ನಿರ್ಮಿಸಲು ಹೊರಟು, 2022ರಲ್ಲಿ ‘ಗ್ರೆನೆಡಿಯರ್’ ಎಂಬ ಹೆಸರಿನಿಂದ ಫ್ರಾನ್ಸಿನಲ್ಲಿ ತಯಾರಿಕೆ ಆರಂಭಿಸಿತು. ಹೆಸರು ಹೊಸದು, ಆದರೆ ಎಂಜಿನ್ ಬಿಎಂಡಬ್ಲ್ಯೂ ಸಂಸ್ಥೆಯದು, ಗೇರುಪೆಟ್ಟಿಗೆ ಜೆಡ್‌ಎಫ್‌ನದು, ಅಚ್ಚುಗಳು ಟ್ರ್ಯಾಕ್ಟರುಗಳಿಗೆ ಅಚ್ಚು ಮಾಡುವುದರಲ್ಲಿ ಪಳಗಿದ ಇಟಲಿಯ ಕರ್ರಾರೋ ಸಂಸ್ಥೆಯವು. ಹೊಸ ಹೆಸರಿನ ಒಳಗೆ ಹಳೆಯ ಅನುಭವವನ್ನು ಕೂಡಿಸಿದ ಈ ಕ್ರಮ ಶ್ಲಾಘ್ಯವಾದುದೇ. ಆದರೂ 2024ರಲ್ಲಿ ಆಸನಗಳನ್ನು ಒದಗಿಸುತ್ತಿದ್ದ ಸಂಸ್ಥೆಯೊಂದು ದಿವಾಳಿಯಾದಾಗ ಇಡೀ ಗಾಡಿಯ ತಯಾರಿಕೆಯೇ ಕೆಲವು ತಿಂಗಳು ನಿಂತುಹೋಯಿತು. ಇದರಿಂದ ಎರಡು ಪಾಠಗಳನ್ನು ಕಲಿಯಬಹುದು. ಹೊಸ ಗಾಡಿಯ ಹೆಸರನ್ನು ನೋಡದೆ ಅದರೊಳಗಿನ ಅಂಗಾಂಗಗಳನ್ನು ನೋಡಬೇಕು. ಹಾಗೆಯೇ, ಚಿಕ್ಕ ಸಂಸ್ಥೆಯ ಒಂದು ಕೊಂಡಿ ಕಳಚಿದರೆ ಸರಪಳಿಯೇ ಸಡಿಲವಾಗುತ್ತದೆಂಬುದನ್ನು ಮರೆಯಬಾರದು.

ಶಬ್ದಪ್ರಮಾಣವೆಂದರೆ ಆಪ್ತವಾಕ್ಯ. ಆಪ್ತನೆಂದರೆ ವಿಷಯವನ್ನು ಬಲ್ಲವನು, ಬಲ್ಲುದನ್ನು ಇದ್ದಂತೆ ಹೇಳುವವನು. ಮಾರುವವನು ಬಲ್ಲವನಾಗಿರಬಹುದು, ಆದರೆ ಅವನ ಮಾತಿನಲ್ಲಿ ಸ್ವಾರ್ಥ ಬೆರೆತಿರುತ್ತದೆ. ಹೋದ ತಿಂಗಳು ತಾನೇ ಕೊಂಡವನಿಗೆ ಅಂತಹ ಸ್ವಾರ್ಥವಿಲ್ಲವೆನ್ನಬಹುದು. ಆದರೆ ತನ್ನ ಆಯ್ಕೆ ಸರಿಯೆಂದು ಸ್ಥಾಪಿಸುವ ಆತುರ ಅವನಲ್ಲಿಯೂ ಇರುತ್ತದೆ. ಮೂರು ಮಳೆಗಾಲ ಅದೇ ಗಾಡಿಯಲ್ಲಿ ಕಳೆದವನು, ಅದನ್ನು ಬಿಚ್ಚಿ ಜೋಡಿಸಿದ ಮೆಕ್ಯಾನಿಕ್, ಇವರೇ ಇಲ್ಲಿ ಆಪ್ತರು. ಬಿಡಿಭಾಗ ಬರಲು ಎಷ್ಟು ದಿನ ಹಿಡಿಯಿತೆಂಬ ಅವರ ಒಂದು ಮಾತು ನೂರು ಪುಟಗಳ ವರ್ಣನೆಗಿಂತ ಬೆಲೆಯುಳ್ಳದ್ದು.

ಇಷ್ಟೆಲ್ಲ ಪರೀಕ್ಷಿಸಿದ ಮೇಲೂ ಒಂದಿಷ್ಟು ಅನಿಶ್ಚಯ ಉಳಿದೇ ಉಳಿಯುತ್ತದೆ. ನಮ್ಮ ದೃಷ್ಟಿಯಲ್ಲಿ ನಿಜವಾದ ನೈತಿಕ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಯಾರಾದರೊಬ್ಬರು ಮೊದಲು ಕೊಳ್ಳದ ಹೊರತು ಯಾವ ಹೊಸ ಸಂಸ್ಥೆಯೂ ತನ್ನ ಯೋಗ್ಯತೆಯನ್ನು ಸಿದ್ಧಪಡಿಸಲಾರದು. ಎಲ್ಲರೂ “ಬೇರೆಯವರು ಕೊಂಡು ನೋಡಲಿ” ಎಂದು ಕುಳಿತರೆ ಹೊಸ ಕುಶಲಿಗೆ ಬಾಗಿಲೇ ತೆರೆಯದು; ಹಳಬರು ಸೋಮಾರಿಗಳಾಗಿ ಬೆಲೆ ಏರಿಸುತ್ತಾರೆ. ಆದುದರಿಂದ ಹೊಸದಕ್ಕೆ ಅವಕಾಶ ಕೊಡುವುದು ಸಮಾಜದ ಕರ್ತವ್ಯ. ಆದರೆ ಸಮಾಜದ ಕರ್ತವ್ಯವನ್ನು ಯಾವ ಹೆಗಲು ಹೊರಬೇಕು? ತೋಟವನ್ನು ಒತ್ತೆಯಿಟ್ಟು ಒಂದೇ ಗಾಡಿ ಕೊಳ್ಳುವ ಮನೆಯೇ? ಅಥವಾ ನಾಲ್ಕು ಗಾಡಿಗಳಿದ್ದು, ಒಂದು ಕೆಟ್ಟರೆ ಇನ್ನೊಂದನ್ನು ಹತ್ತಬಲ್ಲ ಸ್ಥಿತಿವಂತನೇ?

ಉತ್ತರ ಸ್ಪಷ್ಟ. ಪರೀಕ್ಷೆಯ ಭಾರವನ್ನು ಸೋಲನ್ನು ತಾಳಬಲ್ಲವನು ಹೊರಬೇಕು. ದಾಂಡೇಲಿಯ ಸುತ್ತ ಪ್ರವಾಸಿಗರಿಗಾಗಿ ಹಲವು ಗಾಡಿಗಳನ್ನು ಇಟ್ಟಿರುವ ಉದ್ಯಮಿಗಳು ಹೊಸದೊಂದನ್ನು ಕೊಂಡು ನೋಡಲಿ. ಅದು ಅವರಿಗೆ ಸಾಹಸ, ಊರಿಗೆ ಉಪಕಾರ. ಮಠಗಳೂ ಸಂಸ್ಥೆಗಳೂ ಇನ್ನೊಂದು ವಾಹನವಿದ್ದಾಗ ಮಾತ್ರ ಹೀಗೆ ಮಾಡಬಹುದು. ಏಕೆಂದರೆ ಅವುಗಳ ಹಣ ಭಕ್ತರ ದುಡಿಮೆಯದು, ಪ್ರಯೋಗಕ್ಕೆಂದು ಕೊಟ್ಟದ್ದಲ್ಲ. ತಾಯಿಯ ಪ್ರಾಣ ಒಂದೇ ಗಾಡಿಯನ್ನು ಅವಲಂಬಿಸಿರುವಾಗ ಮಗನು ಮೊದಲಿಗನಾಗಬೇಕಾಗಿಲ್ಲ. ಅದು ಅಂಜುಬುರುಕತನವಲ್ಲ; ತನ್ನನ್ನು ನಂಬಿದವರಿಗೆ ತೋರುವ ನಿಷ್ಠೆ. ಬಡವನಿಗೆ ಹೊಸದು ಯಾವಾಗಲೂ ತಡವಾಗಿಯೇ ಸಿಗಬೇಕೆ ಎಂದು ಯಾರಾದರೂ ಆಕ್ಷೇಪಿಸಬಹುದು. ತಡವಾಗಿ ಸಿಗುವುದು ಕಷ್ಟವೇ. ಆದರೆ ಬೇರೆಯವರ ಲಾಭಕ್ಕಾಗಿ ನಡೆಯುವ ಪ್ರಯೋಗದ ವೆಚ್ಚವನ್ನು ಬಡವನೇ ತೆರುವುದು ಅದಕ್ಕಿಂತ ದೊಡ್ಡ ಅನ್ಯಾಯ.

ನಮ್ಮ ರೈತರು ಇದನ್ನು ಗ್ರಂಥವಿಲ್ಲದೆಯೇ ಬಲ್ಲರು. ಭಾರತ ಹುಣ್ಣಿಮೆಯ ಹೊತ್ತಿಗೆ ಧಾರವಾಡ, ಬೆಳಗಾವಿಯ ಕಡೆಯಿಂದ ಉಳವಿಯ ಚನ್ನಬಸವಣ್ಣನವರ ಜಾತ್ರೆಗೆ ಚಕ್ಕಡಿಗಳು ಕಾಡಿನ ಹಾದಿ ಹಿಡಿಯುತ್ತವೆ. ಹೊರಡುವ ಮುನ್ನ ಕೀಲಿಗೆ ಎಣ್ಣೆ ಹಾಕಿ, ಗಾಲಿಯ ಪಟ್ಟಿಯನ್ನು ತಟ್ಟಿ ನೋಡುತ್ತಾರೆ. ಪಳಗದ ಹೋರಿಯನ್ನು ಅಂಥ ಏರಿಗೆ ಯಾರೂ ಒಮ್ಮೆಲೇ ಹೂಡುವುದಿಲ್ಲ. ಮೊದಲು ಊರ ಹೊಲದಲ್ಲಿ ಪಳಗಿದ ಎತ್ತಿನ ಜೊತೆ ನೊಗಕ್ಕೆ ಕಟ್ಟಿ ರೂಢಿ ಮಾಡಿಸುತ್ತಾರೆ. ಅವರು ಹೊಸ ಹೋರಿಯನ್ನು ಅವಮಾನಿಸುತ್ತಿಲ್ಲ, ಅದಕ್ಕೆ ನ್ಯಾಯವಾದ ಅವಕಾಶ ಕೊಡುತ್ತಿದ್ದಾರೆ. 1966ರಲ್ಲಿ ಮುಂಡಗೋಡಕ್ಕೆ ಟಿಬೇಟಿನ ನಿರಾಶ್ರಿತರು ಬಂದಾಗಲೂ ಅವರ ಭಾಷೆ, ವೇಷ, ಊಟ ಎಲ್ಲವೂ ಹೊಸತಾಗಿದ್ದವು. ನೆರೆಹೊರೆಯ ನಂಬಿಕೆ ಒಂದೇ ದಿನದಲ್ಲಿ ಹುಟ್ಟುವುದಲ್ಲ. ಕೊಡುಕೊಳೆಯಿಂದ, ಕಾಲದಿಂದ ಹುಟ್ಟುವುದು.

ಕೊನೆಯದಾಗಿ, ಕೊಂಡ ಮೇಲಿನ ಧರ್ಮ. ಇಂತಹ ಗಾಡಿಯ ಬಲವು ಮನಸ್ಸಿನಲ್ಲಿ ಮದವನ್ನು ಹುಟ್ಟಿಸುವುದು ಸುಲಭ. ಹಾದಿ ಬಿಟ್ಟು ಕಾಡಿಗೆ ನುಗ್ಗುವುದು, ಹಳ್ಳದಲ್ಲಿ ಗಾಲಿ ತಿರುಗಿಸಿ ನೀರನ್ನು ಕದಡುವುದು, ಕೆಸರು ಹಾದಿಯನ್ನು ನಡೆಯುವವರಿಗೆ ಇನ್ನಷ್ಟು ಕೆಡಿಸುವುದು, ಇವುಗಳನ್ನು ಪೌರುಷವೆಂದು ಭಾವಿಸುವ ಯುವಕರಿದ್ದಾರೆ. 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಗಿ ಈಗ ಕಾಳಿಯ ಹೆಸರನ್ನು ಹೊತ್ತಿರುವ ಆ ಅರಣ್ಯ ನಮ್ಮ ಆಟದ ಬಯಲಲ್ಲ. ಅದೇ ಗಾಡಿ ನೆರೆಯ ಕುಣಬಿ, ಸಿದ್ದಿ ಕುಟುಂಬದ ಗರ್ಭಿಣಿಯನ್ನು ಮಳೆಯ ರಾತ್ರಿ ಆಸ್ಪತ್ರೆಗೆ ಮುಟ್ಟಿಸಿದರೆ, ಒಬ್ಬನ ಒಡೆತನದಲ್ಲಿದ್ದರೂ ಅದು ಊರಿಗೆಲ್ಲ ಸೇರಿದುದಾಗುತ್ತದೆ.

ನಮ್ಮ ಭಕ್ತರಿಗೆ ನಾವು ಹೇಳಿದುದಿಷ್ಟು: ಗಾಡಿ ನಿಮಗೆ ಅಗತ್ಯ, ಅದರಲ್ಲಿ ಸಂಶಯವಿಲ್ಲ. ಹೊಸ ಹೆಸರನ್ನು ತಿರಸ್ಕರಿಸಬೇಡಿ. ಆದರೆ ಈ ಮಳೆಗಾಲಕ್ಕೆ ಅದನ್ನು ನೆಚ್ಚಬೇಡಿ. ಹತ್ತಿರದಲ್ಲಿ ದುರಸ್ತಿಯಾಗುವ, ಊರಿನ ಮೆಕ್ಯಾನಿಕ್ಕಿನ ಕೈ ಪಳಗಿರುವ ಗಾಡಿಯೊಂದನ್ನು, ಬಳಸಿದ್ದಾದರೂ ಸರಿ, ತೋಟವನ್ನು ಒತ್ತೆಯಿಡದೆ ಸಿಗುವಂಥದನ್ನು ನೋಡಿ. ಮಗನಿಗೆ ಅವನ ಉತ್ಸಾಹ ತಪ್ಪಲ್ಲವೆಂದು ತಿಳಿಸಿ; ಅವನು ಮೆಚ್ಚಿದ ಗಾಡಿ ಮೂರು ಮಳೆ ತಾಳಿ ಬಂದರೆ ಮುಂದಿನದು ಅದೇ ಆಗಲಿ.

ನಂಬಿಕೆಯನ್ನು ಕಣ್ಣುಮುಚ್ಚಿ ಕೊಡುವವನೂ ಕೈಮುಚ್ಚಿ ಬಚ್ಚಿಡುವವನೂ ಇಬ್ಬರೂ ಅದರ ಬೆಲೆಯನ್ನು ಅರಿಯರು. ಅಳೆದು, ತೂಗಿ, ತಕ್ಕ ಕಾಲಕ್ಕೆ, ತಕ್ಕಷ್ಟು ಕೊಡುವವನೇ ವಿವೇಕಿ. ಸದ್ಭಕ್ತರಾದ ನೀವೆಲ್ಲರೂ ನಿಮ್ಮ ನಿಮ್ಮ ಮನೆಯ ಸಣ್ಣ ನಿರ್ಣಯಗಳಲ್ಲಿಯೂ ಈ ವಿವೇಕವನ್ನು ಬೆಳೆಸಿಕೊಳ್ಳಿರೆಂದು ಹಾರೈಸುತ್ತೇವೆ.